ಅಕ್ಕೋರೇ, ನಮ್ಮ ಬಟನ್ ಯಾಕೆ ಬೇಡ ಅಂದ್ರಿ?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಬಾಯಿ ತಪ್ಪಿ ಒಂದು ಮಾತು ಬರೆದುಬಿಟ್ಟೆ. ನಾವು ನಾಲ್ಕು ಜನ ಸೇರಿ ಕಲಬುರಗಿ ಮಂದಿಗಾಗಿ ಒಂದು ವೆಬ್‌ಸೈಟ್ ನಡೆಸುತ್ತೇವೆ. ಬಾಡಿಗೆ ಮನೆ, ಕಳೆದುಹೋದ ಬೀಗದ ಕೈ, ಕವನ, ಜಗಳ ಎಲ್ಲವೂ ಅಲ್ಲಿ ಬರುತ್ತವೆ. ‘ಸೈಟಿಗೆ ಇದೊಂದು ಸೇರಿಸಿ’ ಎಂದು ಜನ ಕಳಿಸುವ ಸಲಹೆಗಳಲ್ಲಿ ನಾವು ಒಪ್ಪದೇ ಬಿಟ್ಟವನ್ನು ಒಂದು ಉದ್ದನೆಯ ಖಾತೆ ಪುಸ್ತಕದಲ್ಲಿ ಬರೆದಿಡುತ್ತೇವೆ. ಅದರ ಹೆಸರು ‘ಬೇಡ ಪುಸ್ತಕ’. ಬರೆದದ್ದು ಇಷ್ಟೇ. ಈ ತಿಂಗಳು ಬಂದ ಕಾಗದಗಳಲ್ಲಿ ಮೊಣಕಾಲು ನೋವಿಲ್ಲ, ಸೊಸೆ ಇಲ್ಲ, ಬೂಸ್ಟು ಹಿಡಿದ ಉಪ್ಪಿನಕಾಯಿ ಇಲ್ಲ. ಎಲ್ಲರಿಗೂ ಆ ಪುಸ್ತಕವೇ ಬೇಕು. ಸರಿ, ತೆಗೆದು ಮುಂದಿಟ್ಟುಕೊಂಡಿದ್ದೇನೆ. ರಟ್ಟಿನ ಮೇಲೆ ಮಿರ್ಚಿ ಭಜಿಯ ಎಣ್ಣೆ ಕಲೆ ಇದೆ. ಅದು ನನ್ನದಲ್ಲ.

ಬೇಡ ಅನ್ನಲಿಕ್ಕೆ ನೀವು ಯಾರು?
— ಹೆಸರು ಬರೆಯದವರು, ಆಳಂದ

ನ್ಯಾಯವಾದ ಪ್ರಶ್ನೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದವಳು. ನಮ್ಮ ಕಡೆ ‘ಅಕ್ಕೋರು’ ಅಂದರೆ ಶಾಲೆಯ ಟೀಚರು. ನಾನು ಟೀಚರಲ್ಲ, ಆದರೆ ಕನ್ನಡಕ ಹಾಕಿಕೊಂಡು ಬೈದರೆ ಓಣಿಯವರು ಹಾಗೇ ಕರೆಯುತ್ತಾರೆ, ಬಿಟ್ಟಿದ್ದೇನೆ. ಎರಡನೆಯವರು ನಿವೃತ್ತ ಕನ್ನಡ ಮೇಷ್ಟ್ರು. ಮೂರನೆಯವರು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರು. ನಾಲ್ಕನೆಯವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಸೈಟ್ ಕಟ್ಟಿದವನು ಅವನೇ. ಕೆಲಸವೆಲ್ಲ ಅವನದು, ವೋಟು ಮಾತ್ರ ಒಂದೇ. ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮ ಮನೆಯಲ್ಲಿ ಕೂರುತ್ತೇವೆ, ಅವನು ಫೋನಿನಲ್ಲಿ ಕೂರುತ್ತಾನೆ.

ಪುಸ್ತಕದಲ್ಲಿ ಮೊದಲು ಎರಡೇ ಕಾಲಮ್ ಇದ್ದವು. ‘ಸಲಹೆ’ ಒಂದು, ‘ಯಾರಿಂದ’ ಒಂದು. ಆರು ತಿಂಗಳಾದ ಮೇಲೆ ಮುನೀಮರು ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಮೂರನೇದು ಎಳೆದರು. ‘ಯಾರ ಮೇಲೆ.’ ಅದನ್ನು ಎಳೆದ ಮೇಲೆ ನಮ್ಮ ಕೆಲಸ ಭಾಳ ಹಗುರವಾಯಿತು. ಯಾಕೆಂದರೆ ಹತ್ತು ಸಲಹೆ ಬಂದರೆ ಒಂಬತ್ತು ಸಲಹೆಗಳೇ ಅಲ್ಲ. ಯಾವನೋ ಒಬ್ಬನ ಮೇಲಿನ ದೂರು ಬಟನ್ ವೇಷ ಹಾಕಿಕೊಂಡು ಬಂದಿರುತ್ತದೆ. ನಾನು ಎಕ್ಸ್‌ಚೇಂಜಿನ ಕಂಪ್ಲೇಂಟ್ ಬುಕ್ಕನ್ನು ಅಷ್ಟು ವರ್ಷ ಓದಿದವಳು, ನನಗೆ ಅದರ ವಾಸನೆ ಬಡಿಯುತ್ತದೆ.

ಎಲ್ಲಾ ಕಡೆ ‘ಲೈಕ್’ ಇದ್ದಂತೆ ನಿಮ್ಮಲ್ಲಿ ‘ಬೇಸ್’ ಬಟನ್ ಇದೆ, ಸಂತೋಷ. ಹಿಡಿಸದಿದ್ದರೆ ಒತ್ತಲು ‘ನಕ್ಕೋ’ ಬಟನ್ ಇಡಿ ಎಂದು ನಾನು ಕೇಳಿದ್ದೆ. ಒಂದು ವಾರ ಇಟ್ಟು ತೆಗೆದಿರಿ. ಯಾಕೆ?
— ದರ್ಗಾ ಕಡೆಯ ಹಳೇ ಸದಸ್ಯರು, ಕಲಬುರಗಿ

ಇಡೀ ಪುಸ್ತಕದಲ್ಲಿ ನನಗೆ ಬಲು ಇಷ್ಟವಾದ ಸಲಹೆ ಇದು, ತೆಗೆಯುವಾಗ ಹೊಟ್ಟೆ ಉರಿಯಿತು.

ಬೇರೆ ಜಿಲ್ಲೆಯವರಿಗೆ ಒಂಚೂರು ಹೇಳಬೇಕು. ‘ಬೇಸ್’ ಅಂದರೆ ನಮ್ಮಲ್ಲಿ ಚೆನ್ನಾಗಿ, ಒಳ್ಳೆಯದು. ನಮ್ಮೂರಿನ ದಖನಿ ಉರ್ದುವಿನಲ್ಲಿ ‘ನಕ್ಕೋ’ ಅಂದರೆ ಬೇಡ. ಮರಾಠಿಯ ‘ನಕೋ’ ಇದರ ಬಂಧು. ಇಲ್ಲಿ ಕನ್ನಡ ಮಾತಾಡುವವರ ಬಾಯಲ್ಲೂ ಅದು ದಿನಕ್ಕೆ ಹತ್ತು ಸಲ ಬರುತ್ತದೆ. ಚಹಾ ಬೇಕಾ? ನಕ್ಕೋ. ಡಿಸ್‌ಲೈಕ್ ಎಂಬ ಪರದೇಶಿ ಮಾತಿಗಿಂತ ಇದು ಎಷ್ಟು ಮೆತ್ತಗಿದೆ ಎಂದು ನಾಲ್ವರೂ ಕೈ ಎತ್ತಿದೆವು.

ಕನ್ನಡದಲ್ಲೂ ‘ನಕ್ಕೋ’ ಇದೆ ಎನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ‘ನಕ್ಕುಕೋ, ನಕ್ಕುಬಿಡು’ ಅಂತ. ಮೇಷ್ಟ್ರಿಗೂ ಹೊಳೆಯಲಿಲ್ಲ, ಅದು ಅವರಿಗೆ ಇವತ್ತಿಗೂ ಅವಮಾನ.

ಸೋಮವಾರ ಬಟನ್ ಬಂತು. ಮಂಗಳವಾರ ಒಬ್ಬರು ತಮ್ಮ ತೀರಿಹೋದ ಎತ್ತಿನ ಮೇಲೆ ಕವನ ಹಾಕಿದರು. ನಿಜವಾಗಿ ಚೆನ್ನಾಗಿತ್ತು, ಕೊನೆಯ ಸಾಲಿನಲ್ಲಿ ಖಾಲಿ ಗೋದಲಿ ಬರುತ್ತದೆ. ಸಂಜೆಗೆ ಅದರ ಕೆಳಗೆ 31 ನಕ್ಕೋ. ಕವಿ ನನಗೆ ಫೋನ್ ಮಾಡಿದರು. ‘ಅಕ್ಕೋರೇ, ಮೂವತ್ತೊಂದು ಮಂದಿ ನಕ್ಕಾರಲ್ರಿ.’ ನಾನು ಸಮಾಧಾನ ಹೇಳಲು ಹೋದೆ. ‘ನಗಲಿಲ್ರೀ, ಅದರ ಅರ್ಥ ಅವರಿಗೆ ಕವನ ಹಿಡಿಸಲಿಲ್ಲ ಅಂತ.’ ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಅವರು ಲೆಕ್ಕ ಹಾಕುತ್ತಿದ್ದರು ಅನ್ನಿಸುತ್ತದೆ. ನಾನೂ ಹಾಕುತ್ತಿದ್ದೆ.

ಅದೇ ವಾರ ಇನ್ನೊಬ್ಬರ ಹಳಸಿದ ಜೋಕಿಗೆ 44 ನಕ್ಕೋ ಬಿದ್ದವು. ಅವರು ಊರೆಲ್ಲ ನಗಿಸಿದೆ ಎಂದು ಬೀಗಿ ಮರುದಿನ ಇನ್ನೂ ಆರು ಜೋಕ್ ಹಾಕಿದರು. ಬಟನ್ ತೆಗೆಯಲು ಇದೊಂದೇ ಕಾರಣ ಸಾಕಿತ್ತು.

‘ಏಪ್ರಿಲ್ 1ಕ್ಕೆ ಒಂದು ದಿನ ತಮಾಷೆಗೆ ತನ್ನಿ’ ಎಂದೂ ಬರೆದಿದ್ದೀರಿ. ಸೈಟ್ ಕಟ್ಟಿದ ನಮ್ಮ ಹುಡುಗ ಕೈ ಮುಗಿದ. 2016ರ ಏಪ್ರಿಲ್ 1ರಂದು ಗೂಗಲ್‌ನವರು ಜಿಮೇಲಿನಲ್ಲಿ ಮಾಮೂಲಿ ಕಳಿಸುವ ಬಟನ್ ಪಕ್ಕ ಒಂದು ತಮಾಷೆ ಬಟನ್ ಇಟ್ಟಿದ್ದರಂತೆ. ಒತ್ತಿದರೆ ಕಾಗದದ ಜೊತೆ ಒಂದು ಹಳದಿ ಗೊಂಬೆ ಮೈಕ್ ಕೆಳಗೆ ಬಿಡುವ ಚಿತ್ರ ಹೋಗುತ್ತಿತ್ತು. ಗಂಭೀರ ಕಾಗದಗಳಿಗೆಲ್ಲ ಗೊಂಬೆ ಅಂಟಿಕೊಂಡು ಹೋಗಿ, ಜನ ಬೈದು, ಅವರು ಅದೇ ದಿನ ತೆಗೆದರು. ಅಷ್ಟು ದೊಡ್ಡವರಿಗೆ ದಕ್ಕದ್ದು ನಮಗೆ ದಕ್ಕುತ್ತದಾ?

ಹೊಸ ಸಂದೇಶ ಬಂದಾಗ ‘ಟಿಂಗ್’ ಅನ್ನುವುದು ಬಿಟ್ಟು ರೊಟ್ಟಿ ಬಡಿಯುವ ಸದ್ದು ಬರುವ ಹಾಗೆ ಮಾಡಿ ಎಂದು ನನ್ನ ಮಗ ಕೇಳಿದ್ದ. ಪುಣೆಯಲ್ಲಿದ್ದಾನೆ, ಪಾಪ. ಅದರಲ್ಲಿ ಏನು ತಪ್ಪಿತ್ತು?
— ಓದುಗರು, ಜೇವರ್ಗಿ

ತಪ್ಪು ಏನೂ ಇರಲಿಲ್ಲ ತಾಯಿ, ಸದ್ದು ಭಾಳ ಬೇಸ್ ಬಂದಿತ್ತು. ಅದೇ ತೊಂದರೆಯಾಯಿತು.

ರೆಕಾರ್ಡ್ ಮಾಡಿದ್ದು ನಮ್ಮ ಅಡುಗೆಮನೆಯಲ್ಲೇ. ಬಿಸಿನೀರು ಹಾಕಿ ಕಲಸಿದ ಜೋಳದ ಹಿಟ್ಟನ್ನು ಅಂಗೈ ಬುಡದಿಂದ ನಾದಿ, ಉಂಡೆ ಮಾಡಿ, ಹಲಗೆಯ ಮೇಲೆ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರೆ ಮೊದಲು ಸದ್ದು ದಪ್ಪ ಇರುತ್ತದೆ. ರೊಟ್ಟಿ ತೆಳ್ಳಗಾಗುತ್ತಾ ಹೋದಂತೆ ಸದ್ದೂ ತೆಳ್ಳಗಾಗುತ್ತದೆ. ಕೊನೆಯ ನಾಲ್ಕು ಪೆಟ್ಟು ಬೆರಳ ತುದಿಯವು, ತಟ ತಟ ತಟ ತಟ. ಬಳೆ ಸದ್ದು ಬೇಡವೆಂದು ಹುಡುಗ ಹೇಳಿದ, ಬಳೆ ಇಲ್ಲದೆ ಅದು ರೊಟ್ಟಿ ಸದ್ದೇ ಅಲ್ಲ ಎಂದು ನಾನು ಹೇಳಿದೆ. ಬಳೆ ಉಳಿಯಿತು.

ಮರುದಿನ ಬೆಳಗ್ಗೆ ಆರಕ್ಕೆ ನಮ್ಮ ಓಣಿಯಲ್ಲಿ ಎದುರು ಮನೆಯವರು ರೊಟ್ಟಿ ಬಡಿಯಲು ಕೂತರು. ಈ ಕಡೆ ನಾಲ್ಕು ಮನೆಯಲ್ಲಿ ಜನ ಎದ್ದು ಫೋನ್ ಹುಡುಕಿದರು. ದಿಂಬಿನ ಕೆಳಗೆ, ಪ್ಯಾಂಟಿನ ಜೇಬಲ್ಲಿ, ಒಬ್ಬರು ಫ್ರಿಜ್ಜಿನ ಮೇಲೆ. ಏನೂ ಇಲ್ಲ. ಮಲಗಿದರೆ ಮತ್ತೆ ತಟ ತಟ. ಹತ್ತು ಗಂಟೆಗೆ ಇದರ ತಿರುವುಮುರುವು. ಫೋನ್ ಬಡಿದುಕೊಂಡಿತು, ನಮ್ಮ ಮುನೀಮರು ಒಳಗೆ ರೊಟ್ಟಿ ಆಗುತ್ತಿದೆ ಎಂದು ಕೈ ತೊಳೆದು ತಾಟಿನ ಮುಂದೆ ಬಂದು ಕೂತರಂತೆ. ಅವರ ಮನೆಯವರು ಆ ದಿನ ಏನಂದರು ಎನ್ನುವುದು ಪುಸ್ತಕದಲ್ಲಿದೆ, ಅಚ್ಚು ಹಾಕುವಂತಿಲ್ಲ.

ಮೂರನೇ ಕಾಲಮ್‌ನಲ್ಲಿ ‘ಯಾರ ಮೇಲೆ’ ಎಂಬಲ್ಲಿ ಗೆರೆ ಎಳೆದಿದ್ದೇವೆ. ನಿಮ್ಮ ಮಗನದು ಯಾರ ಮೇಲಿನ ದೂರೂ ಅಲ್ಲ. ಹುಡುಗ ಆ ಸದ್ದಿನ ಫೈಲನ್ನು ಅವನಿಗೆ ಬೇರೆಯಾಗಿ ಕಳಿಸಿದ್ದಾನೆ. ನಿಮ್ಮ ಮಗನ ಫೋನ್ ಪುಣೆಯಲ್ಲಿ ಈಗ ರೊಟ್ಟಿ ಬಡಿಯುತ್ತಿದೆ.

ಸದಸ್ಯರಾಗುವಾಗ ‘ಯಾವೂರು, ಯಾರ ಪೈಕಿ’ ಎಂಬ ಕಾಲಮ್ ಇದ್ದರೆ ಮಾತಾಡಿಸಲು ಅನುಕೂಲ ಅಲ್ವಾ?
— ಹಿರಿಯರು, ಬಸವಕಲ್ಯಾಣ

‘ಯಾವೂರು’ ಇದೆ. ‘ಯಾರ ಪೈಕಿ’ ಇಲ್ಲ, ಬರುವುದಿಲ್ಲ. ಆ ಕಾಲಮ್ಮನ್ನು ಹೊಡೆದುಹಾಕಲು ಹನ್ನೆರಡನೇ ಶತಮಾನದಲ್ಲೇ ಹೊರಟವರ ಊರಿನಿಂದ ಈ ಕಾಗದ ಬಂದಿದೆಯಲ್ಲ, ಅದಕ್ಕೇ ನನಗೆ ಜಾಸ್ತಿ ಸಂಕಟ.

ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ಮಾತ್ರ. ಸೈಟೂ ಹಾಗೇ ಮುಚ್ಚಲಿ ಎಂದು ಕೇಳಿದ್ದೆ.
— ಸರ್ಕಾರಿ ನೌಕರರು, ಯಾದಗಿರಿ

ದಕ್ಷಿಣದ ಓದುಗರು ನಗಬೇಡಿ, ಇದು ಖರೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಸರ್ಕಾರವೇ ಕಚೇರಿ ವೇಳೆ ಬದಲಿಸುತ್ತದೆ. ನಲವತ್ತೆರಡು, ನಲವತ್ತಮೂರು ಡಿಗ್ರಿಯಲ್ಲಿ ಫೈಲ್ ಮುಟ್ಟಿದರೂ ಕೈ ಸುಡುತ್ತದೆ.

ನಿಮ್ಮ ವಾದ ಹೀಗಿತ್ತು. ಜಗಳಗಳೆಲ್ಲ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಹುಟ್ಟುತ್ತವೆ, ಬಿಸಿಲಿಗೆ ತಲೆ ಕಾದಿರುತ್ತದೆ, ಆ ಹೊತ್ತು ಬಾಗಿಲು ಹಾಕಿದರೆ ಶಾಂತಿ. ಹುಡುಗ ಒಂದು ಮೇ ತಿಂಗಳ ಜಗಳಗಳನ್ನೆಲ್ಲ ಗಂಟೆವಾರು ಎಣಿಸಿದ. ನಿಮ್ಮ ಮಾತು ಅರ್ಧ ನಿಜ. ಎರಡರಿಂದ ನಾಲ್ಕಕ್ಕೆ ಜಗಳ ಜಾಸ್ತಿ ಇವೆ. ಆದರೆ ಅವನ್ನೆಲ್ಲ ಶುರು ಮಾಡಿದವರು ಮೂರೇ ಮಂದಿ, ಮೂವರೂ ಒಂದೂವರೆಗೆ ಕಚೇರಿ ಮುಗಿಸಿ ಮನೆಗೆ ಬಂದವರು. ಹೆಸರು ಹೇಳುವುದಿಲ್ಲ. ನಿಮಗೆ ಗೊತ್ತಿರುತ್ತದೆ, ಒಬ್ಬರಂತೂ ನಿಮಗೆ ಭಾಳ ಹತ್ತಿರದವರು.

ಅಕ್ಕೋರೇ, ನಿಮ್ಮದೇ ಸಲಹೆ ಯಾವುದಾದರೂ ಆ ಪುಸ್ತಕಕ್ಕೆ ಹೋಗಿದೆಯಾ?
— ಕಾಲೇಜು ಹುಡುಗಿ, ಸೇಡಂ

ಹೋಗಿದೆ ಮಗಳೇ. 3–1ರಲ್ಲಿ ಸೋತೆ.

ನಿನ್ನ ವಯಸ್ಸಿನವರಿಗೆ ಟ್ರಂಕ್ ಕಾಲ್ ಗೊತ್ತಿರಲಿಕ್ಕಿಲ್ಲ. ನಮ್ಮ ದೇಶದಲ್ಲಿ ಕಾನ್ಪುರ, ಲಖನೌ ನಡುವೆ 1960ರಲ್ಲೇ ನೇರವಾಗಿ ನಂಬರ್ ತಿರುಗಿಸುವ ಎಸ್‌ಟಿಡಿ ಬಂದಿತ್ತು. ನಮ್ಮ ಕಡೆ ಅದು ಬರುವ ತನಕ ಪರವೂರಿಗೆ ಮಾತಾಡಬೇಕೆಂದರೆ ನಮ್ಮ ಹತ್ತಿರ ಬುಕ್ ಮಾಡಬೇಕು. ನಾನು ತಲೆಗೆ ಹೆಡ್‌ಸೆಟ್ ಸಿಕ್ಕಿಸಿ ಬೋರ್ಡಿನ ಮುಂದೆ ಕೂರುತ್ತಿದ್ದೆ. ಕಿವಿಯ ಹಿಂದೆ ಪೆನ್ಸಿಲ್. ಯಾರು ಕೇಳಿದರೂ ಒಂದು ಚೀಟಿ. ಯಾವ ನಂಬರಿನಿಂದ, ಯಾವ ನಂಬರಿಗೆ, ಯಾವ ತರದ್ದು. ತರಗಳು ಮೂರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ದುಡ್ಡು ಏರುತ್ತಾ ಹೋಗುತ್ತದೆ, ಕಾಯುವುದು ಇಳಿಯುತ್ತಾ ಹೋಗುತ್ತದೆ. ಹೆಸರು ಹೇಳಿ ಅವರೇ ಬರಬೇಕು ಎಂದರೆ ಪಿ.ಪಿ. ಕಾಲ್. ಲೈನ್ ಸಿಕ್ಕರೆ ಹಿತ್ತಾಳೆ ಮೂತಿಯ ವೈರ್ ಎಳೆದು ತೂತಿಗೆ ಚುಚ್ಚಿ, ‘ಮಾತಾಡ್ರಿ’ ಅನ್ನುತ್ತಿದ್ದೆ. ಮೂರು ನಿಮಿಷ ಆದರೆ ನಡುವೆ ಬಾಯಿ ಹಾಕಿ, ಮುಂದುವರಿಸುತ್ತೀರಾ ಎಂದು ಕೇಳಬೇಕು. ಅಳುವವರ ನಡುವೆ ಹಾಗೆ ಬಾಯಿ ಹಾಕುವುದು ಸುಲಭವಲ್ಲ. ಒಂದೆರಡು ಸಲ ನಾನು ಗಡಿಯಾರ ನೋಡಲಿಲ್ಲ. ಇಷ್ಟು ವರ್ಷವಾಯಿತು, ಈಗ ಹೇಳಿದರೆ ನಡೆಯುತ್ತದೆ.

ನನ್ನ ಸಲಹೆ ಏನೆಂದರೆ ಸೈಟಿನಲ್ಲೂ ಮೂರು ತರ ಇರಲಿ. ಹರಟೆ ಆರ್ಡಿನರಿ. ಮನೆ, ನೌಕರಿ, ರೈಲು ತಡವಾದದ್ದು ಅರ್ಜೆಂಟ್. ರಕ್ತ ಬೇಕು, ಮಗು ಕಾಣುತ್ತಿಲ್ಲ ಎನ್ನುವಂಥದ್ದು ಲೈಟ್ನಿಂಗ್, ಅದು ಎಲ್ಲರ ಪರದೆಯ ಮೇಲೂ ಮೊದಲು ಬರಲಿ.

ಮೇಷ್ಟ್ರು ಮೊದಲು ಹೌದ್ಹೌದು ಎಂದು ತಲೆ ಆಡಿಸಿದರು. ಮುನೀಮರು ಭಜಿ ಕೆಳಗಿಟ್ಟು ಒಂದೇ ಮಾತು ಕೇಳಿದರು. ‘ಅಕ್ಕೋರೇ, ಆಗ ಲೈಟ್ನಿಂಗಿಗೆ ದುಡ್ಡು ಹೆಚ್ಚಿತ್ತು. ಈಗ ಪುಕ್ಕಟೆ. ಪುಕ್ಕಟೆ ಇದ್ದರೆ ಆರ್ಡಿನರಿ ಯಾರು ಒತ್ತುತ್ತಾರ?’

ನನ್ನ ಬಾಯಿ ಕಟ್ಟಿತು. ಯಾಕೆಂದರೆ ದುಡ್ಡು ಹೆಚ್ಚಿದ್ದಾಗಲೇ ಏನಾಗುತ್ತಿತ್ತು ಎನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತು? ಒಂದು ರಾತ್ರಿ ಒಬ್ಬ ಅಡತಿ ಅಂಗಡಿಯವರು ಸೊಲ್ಲಾಪುರಕ್ಕೆ ಲೈಟ್ನಿಂಗ್ ಬುಕ್ ಮಾಡಿದರು. ಯಾರೋ ಹೋದರೇನೋ ಎಂದು ನಾನು ಆರು ಜನರ ಚೀಟಿ ಪಕ್ಕಕ್ಕಿಟ್ಟು ಲೈನ್ ಹಿಡಿದೆ. ಕೈ ನಡುಗುತ್ತಿತ್ತು. ಆ ಕಡೆಯವರು ಎತ್ತಿದರು. ಇವರು ಕೇಳಿದ್ದು ಇಷ್ಟು. ‘ಮೊನ್ನೆ ಕಳಿಸಿದ ತೊಗರಿಬ್ಯಾಳಿ ಮುಟ್ಟೇತೇನು?’ ಮುಟ್ಟಿತ್ತು. ಉಳಿದ ಎರಡು ನಿಮಿಷ ಐವತ್ತು ಸೆಕೆಂಡು ದಂಡ ಆಗಬಾರದೆಂದು ಇಬ್ಬರೂ ಮಳೆ ವಿಚಾರ ಮಾತಾಡಿದರು.

ಪುಸ್ತಕದಲ್ಲಿ ನನ್ನ ಸಲಹೆಯ ಮುಂದೆ ‘ಯಾರ ಮೇಲೆ’ ಎಂಬ ಕಾಲಮ್ಮನ್ನು ನಾನು ಖಾಲಿ ಬಿಟ್ಟಿದ್ದೆ. ಮುಂದಿನ ತಿಂಗಳು ನೋಡಿದರೆ ಮುನೀಮರ ಅಕ್ಷರದಲ್ಲಿ ತುಂಬಿತ್ತು. ‘ಎಸ್‌ಟಿಡಿ ಮೇಲೆ.’

ಮೋಸ ಮಾಡಲು ಬರುವವರಿಗೆ ಬಾಗಿಲಲ್ಲೇ ‘ನನ್ನ ಉದ್ದೇಶ ಕೆಟ್ಟದ್ದು’ ಎಂಬ ಚೌಕ ಇಟ್ಟು ಟಿಕ್ ಮಾಡಿಸಿದರೆ ಹೇಗೆ? ತಮಾಷೆಯಲ್ಲ.
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಇದು ತಮಾಷೆಯೇ ಎಂದು ನನಗೂ ಗೊತ್ತು, ಇದನ್ನು ಎಲ್ಲಿಂದ ಎತ್ತಿದೆ ಎಂದು ನಮ್ಮ ಹುಡುಗನಿಗೂ ಗೊತ್ತು. ಇಂಟರ್‌ನೆಟ್ ಹೇಗೆ ನಡೆಯಬೇಕೆಂದು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರಂತೆ. 2003ರ ಏಪ್ರಿಲ್ 1ರಂದು ಸ್ಟೀವ್ ಬೆಲೋವಿನ್ ಎಂಬ ಭದ್ರತಾ ತಜ್ಞರು 3514ನೇ ಆರ್‌ಎಫ್‌ಸಿ ಬರೆದರು. ಇಂಟರ್‌ನೆಟ್‌ನಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದಂತೆ. ಕೆಟ್ಟ ಉದ್ದೇಶದಿಂದ ಕಳಿಸುವ ಪ್ರತಿ ಪೊಟ್ಟಣದ ಮೇಲೂ ಕಳಿಸುವವರೇ ‘ಇದು ಕೆಟ್ಟದ್ದು’ ಎಂಬ ಗುರುತು ಹಾಕಬೇಕು, ಕಾವಲಿನವರು ಗುರುತು ನೋಡಿ ತಡೆಯಬೇಕು, ಅಷ್ಟೇ. ಪೂರಾ ಕಾನೂನಿನ ಭಾಷೆಯಲ್ಲಿ, ಒಂದು ಕಡೆಯೂ ನಗದೆ ಬರೆದಿದ್ದಾರೆ.

ನಾವು ನಿನ್ನ ಸಲಹೆ ತಿರಸ್ಕರಿಸಿದ್ದು ನಕಲು ಎಂಬ ಕಾರಣಕ್ಕಲ್ಲ. ಮೇಷ್ಟ್ರು ಹೇಳಿದ ಕಾರಣಕ್ಕೆ. ಅವರು ನಲವತ್ತು ವರ್ಷ ‘ಕಾಪಿ ಹೊಡೆಯುವವರು ಕೈ ಎತ್ತಿರಿ’ ಎಂದು ಪರೀಕ್ಷೆ ಹಾಲಿನಲ್ಲಿ ಕೇಳಿದ್ದಾರೆ. ಒಂದೇ ಒಂದು ಸಲ ಒಬ್ಬ ಕೈ ಎತ್ತಿದನಂತೆ. ಅವನಿಗೆ ನೀರು ಬೇಕಿತ್ತು.

ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಾಗ ಪಾರಿವಾಳದ ಕೈಯಲ್ಲಿ ಪೋಸ್ಟ್ ಕಳಿಸುವ ವ್ಯವಸ್ಥೆ?
— ಓದುಗರು, ಶಹಾಪುರ

ಇದೂ ಆಗಿಹೋಗಿದೆ! 1990ರ ಏಪ್ರಿಲ್ 1ರ ಆರ್‌ಎಫ್‌ಸಿ 1149 ಪಾರಿವಾಳದ ಮೂಲಕ ಇಂಟರ್‌ನೆಟ್ ಕಳಿಸುವ ನಿಯಮಗಳನ್ನು ಹೇಳುತ್ತದೆ. ಅದನ್ನು ನಿಜ ಮಾಡಿ ನೋಡಿದವರೂ ಇದ್ದಾರೆ. 2001ರಲ್ಲಿ ನಾರ್ವೆಯ ಬರ್ಗೆನ್‌ನ ಕಂಪ್ಯೂಟರ್ ಹುಡುಗರು ಒಂಬತ್ತು ಪೊಟ್ಟಣ ಕಳಿಸಿದರು, ನಾಲ್ಕಕ್ಕೆ ಉತ್ತರ ಬಂತು. ಒಂದೊಂದಕ್ಕೆ ಸುಮಾರು ಒಂದು ತಾಸಿನಿಂದ ಒಂದೂಮುಕ್ಕಾಲು ತಾಸು. ನಮ್ಮ ಕೆಲವು ಹಳ್ಳಿಗಳ ಸಿಗ್ನಲ್‌ಗೆ ಹೋಲಿಸಿದರೆ ಕೆಟ್ಟದ್ದೇನಲ್ಲ. ಆದರೂ ಬೇಡ ಅಂದೆವು, ಕಾಳಿನ ಖರ್ಚು ಯಾರ ಖಾತೆಗೆ ಎಂದು ಮುನೀಮರು ಕೇಳಿದ್ದರಿಂದ.

ಜಗಳ ಆಡಿದರೆ ಐದು ರೂಪಾಯಿ ದಂಡ ಹಾಕಿ. ಒಂದೇ ತಿಂಗಳಲ್ಲಿ ಸರಿಹೋಗುತ್ತಾರೆ.
— ಕಿರಾಣಿ ಅಂಗಡಿಯವರು, ಚಿತ್ತಾಪುರ

ಅಮೆರಿಕದ ಮೆಟಾಫಿಲ್ಟರ್ ಎಂಬ ಹಳೇ ತಾಣದಲ್ಲಿ ಸದಸ್ಯರಾಗಲು ಒಂದೇ ಸಲ ಐದು ಡಾಲರ್ ತೆಗೆದುಕೊಳ್ಳುತ್ತಾರೆ. ಬಾಗಿಲಲ್ಲಿ ತೆಗೆದುಕೊಂಡರೆ ಬರುವವರು ಒಂದು ಸಲ ಯೋಚನೆ ಮಾಡುತ್ತಾರೆ, ಒಪ್ಪುವ ಮಾತೇ. ಜಗಳಕ್ಕೆ ತೆಗೆದುಕೊಂಡರೆ ಕಥೆ ಬೇರೆ. ನಮ್ಮ ಮಂದಿ ಐವತ್ತು ರೂಪಾಯಿ ಮುಂಗಡ ಕಟ್ಟಿ ಹತ್ತು ಜಗಳ ಆಡುತ್ತಾರೆ, ಹನ್ನೊಂದನೇದು ಪುಕ್ಕಟೆ ಕೊಡಿ ಎಂದು ಕೇಳುತ್ತಾರೆ. ಮೂರನೇ ಕಾಲಮ್: ನಿಮ್ಮ ಎದುರಿನ ಅಂಗಡಿ. ಸರಿಯಾಗಿ ಊಹಿಸಿದೆವಾ?

ತಪ್ಪು ಕನ್ನಡವನ್ನು ತಾನೇ ತಿದ್ದುವ ಯಂತ್ರ ಹಾಕಿ ಎಂದು ಎಷ್ಟು ಸಲ ಕೇಳುವುದು?
— ಭಾಷಾಭಿಮಾನಿ, ಕಲಬುರಗಿ

ಮೂರು ದಿನ ಹಾಕಿದ್ದೆವು. ಆ ಮೂರು ದಿನ ನೀವು ಊರಲ್ಲಿ ಇರಲಿಲ್ಲ, ನಿಮ್ಮ ಪುಣ್ಯ.

ಮೇಷ್ಟ್ರು ಇನ್ನೂರು ಪದಗಳ ಪಟ್ಟಿ ಬರೆದುಕೊಟ್ಟರು. ‘ಹೊಂಟೀನಿ’ ಎಂದು ಬರೆದರೆ ‘ಹೊರಟಿದ್ದೇನೆ’ ಆಗಬೇಕು. ‘ಹೋಗ್ಯಾನ’ ಎಂದರೆ ‘ಹೋಗಿದ್ದಾನೆ’. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಯಂತ್ರ ತನಗೆ ಗೊತ್ತಿರುವ ಹತ್ತಿರದ ಪದ ಹಾಕಬೇಕು. ಪಟ್ಟಿಯಲ್ಲಿ ‘ಬೇಸ್’ ಇರಲಿಲ್ಲ.

ಬೇಸ್ ಅಂದರೆ ಒಳ್ಳೆಯದು ಎಂದೆನಲ್ಲ. ಯಂತ್ರಕ್ಕೆ ಹತ್ತಿರ ಕಂಡದ್ದು ‘ಬೇಸರ’. ಮದುವೆ ಮುಗಿಸಿ ಬಂದ ಒಬ್ಬರು ಬೀಗರ ಫೋಟೊ ಕೆಳಗೆ ‘ಊಟ ಭಾಳ ಬೇಸ್ ಇತ್ತು, ಹುಡುಗಿನೂ ಬೇಸ್ ಅದಾಳ’ ಎಂದು ಪ್ರೀತಿಯಿಂದ ಬರೆದರು. ಪರದೆಯ ಮೇಲೆ ಬಂದದ್ದು ‘ಊಟ ಬಹಳ ಬೇಸರ ಇತ್ತು, ಹುಡುಗಿಯೂ ಬೇಸರ ಇದ್ದಾಳೆ’. ಬೀಗರು ಮಾತು ಬಿಟ್ಟರು. ನಾನು, ಮುನೀಮರು ಇಬ್ಬರೂ ಹಣ್ಣು ಹಿಡಿದುಕೊಂಡು ಎರಡು ಮನೆಗೂ ಹೋಗಿಬಂದೆವು. ಯಂತ್ರ ಅಂದರೆ ಏನು ಎಂದು ಅಲ್ಲಿನ ಅಜ್ಜಿಗೆ ತಿಳಿಸಲು ಒಂದು ತಾಸು ಹಿಡಿಯಿತು. ಅಜ್ಜಿ ಕೊನೆಗೆ, ‘ಆ ಮಷೀನ್ ಬೆಂಗಳೂರಿಂದೇನು?’ ಎಂದು ಕೇಳಿ ತಾನೇ ಸಮಾಧಾನ ಮಾಡಿಕೊಂಡಳು.

ಊರ ಹೆಸರು ತಿದ್ದುವುದನ್ನೂ ಅದಕ್ಕೆ ಕಲಿಸಿದ್ದೆವು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೇ ಹೆಸರು ಬರೆದರೆ ಹೊಸದಾಗಲಿ ಎಂದೆವು. ಅದು ಛತ್ತೀಸಗಡದಲ್ಲಿರುವ ಬಿಜಾಪುರ ಜಿಲ್ಲೆಯನ್ನೂ ವಿಜಯಪುರ ಮಾಡಿತು. ಅಲ್ಲಿ ಡ್ಯೂಟಿಯಲ್ಲಿದ್ದ ನಮ್ಮ ಓಣಿಯ ಹುಡುಗನೊಬ್ಬ ‘ಬಿಜಾಪುರಕ್ಕೆ ಬಂದು ಇಳಿದೆ’ ಎಂದು ಬರೆದ. ಇಲ್ಲಿ ಅವನ ಅಮ್ಮ ಮಗ ವಿಜಯಪುರದ ತನಕ ಬಂದನೆಂದು ರಾತ್ರಿ ಊಟಕ್ಕೆ ಎಣ್ಣೆಗಾಯಿ ಮಾಡಿಟ್ಟರು.

ಯಂತ್ರ ತೆಗೆಸಿದವರು ಮೇಷ್ಟ್ರೇ. ಮೂರನೇ ದಿನ ರಾತ್ರಿ ಹುಡುಗನಿಗೆ ಅವರು ಕಳಿಸಿದ ಸಂದೇಶ ನನ್ನ ಹತ್ತಿರ ಇದೆ. ‘ಮೊದಲು ತೆಗೀಯಪ್ಪಾ ಅದನ್ನ, ನಂಗೂ ಮಾತಾಡಾಕ ಬಿಡವಲ್ತು.’ ಇನ್ನೂರು ಪದಗಳ ಪಟ್ಟಿಯಲ್ಲಿ ಇದರ ಮೂರು ಪದ ಇದ್ದವು.

ನನ್ನ ಪುಟವನ್ನು ಯಾರು ನೋಡಿದರು ಎಂದು ತೋರಿಸಿ. ಹಿಂದೆ ಆರ್ಕುಟ್‌ನಲ್ಲಿ ಇತ್ತು.
— ಹೆಸರು ಬೇಡ ಎಂದವರು, ಕಲಬುರಗಿ

ಇತ್ತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪುಟವನ್ನು ಅವರು ನೋಡಿಲ್ಲ ಮಗನೇ. ಹುಡುಗನ ಹತ್ತಿರ ಗುಟ್ಟಾಗಿ ಕೇಳಿ ಹೇಳುತ್ತಿದ್ದೇನೆ, ಇದೊಂದೇ ಸಲ.

ಹಾಗಾದರೆ ನೀವು ಒಪ್ಪಿಕೊಂಡ ಸಲಹೆ ಒಂದಾದರೂ ಇದೆಯಾ?
— ಮೂವರು ಓದುಗರು ಬೇರೆ ಬೇರೆ ಊರಿಂದ ಇದನ್ನೇ ಕೇಳಿದ್ದಾರೆ

ಇದೆ. ‘ನೀರು ಬಂತು’ ಬಟನ್.

ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬರುವ ದಿನ ಗೊತ್ತಿದ್ದರೂ ಹೊತ್ತು ಗೊತ್ತಿರುವುದಿಲ್ಲ. ಒಬ್ಬರು ಸಲಹೆ ಕಳಿಸಿದರು. ಮೊದಲು ನೀರು ಕಂಡವರು ಒಂದು ಬಟನ್ ಒತ್ತಬೇಕು, ಆ ಓಣಿಯ ಎಲ್ಲರ ಫೋನಿಗೂ ಸುದ್ದಿ ಹೋಗಬೇಕು. ಮೂರನೇ ಕಾಲಮ್ ತುಂಬುವುದು ಏನೂ ಕಷ್ಟವಾಗಲಿಲ್ಲ. ‘ಪಕ್ಕದ ಮನೆ.’ ಪಕ್ಕದವರು ನಸುಕಿನಲ್ಲಿ ಸುಮ್ನೆ ಎದ್ದು, ಲೈಟ್ ಹಾಕದೆ ಮೋಟರ್ ಹಚ್ಚಿ, ತಮ್ಮ ಟಾಕಿ ತುಂಬಿದ ಮೇಲೆ ‘ಅಯ್ಯ, ನಿಮಗ ಗೊತ್ತಾಗ್ಲಿಲ್ಲೇನು?’ ಎಂದು ಕೇಳುತ್ತಿದ್ದರಂತೆ. ದೂರೇ ಆದರೂ ಇದು ಇಡೀ ಊರಿನ ದೂರಾಗಿತ್ತು, ನಾಲ್ಕೂ ಕೈ ಮೇಲೆದ್ದವು.

ಮೊದಲ ವಾರದಲ್ಲೇ ಒಂದು ನಾಲ್ಕು ವರ್ಷದ ಕೂಸು ಅಪ್ಪನ ಫೋನ್ ಹಿಡಿದು ಮಧ್ಯಾಹ್ನ ಮೂರಕ್ಕೆ ಬಟನ್ ಒತ್ತಿತು. ಮೇ ತಿಂಗಳು. ಇಡೀ ಓಣಿ ಕೊಡ, ಬಕೇಟು, ಪೈಪು ಹಿಡಿದು ಹೊರಗೆ ಬಂತು. ನಾನೂ ಒಬ್ಬಳು, ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಚಪ್ಪಲಿ. ನಲ್ಲಿ ಗೊರ್ ಎಂದು ಗಾಳಿ ಬಿಟ್ಟಿತು ಅಷ್ಟೇ. ಕೂಸು ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟಿತು.

ಆಮೇಲೆ ಎರಡು ಬೇರೆ ಬೇರೆ ಮನೆಯವರು ಒತ್ತಿದರೆ ಮಾತ್ರ ಸುದ್ದಿ ಹೋಗುವಂತೆ ಹುಡುಗ ಬದಲಿಸಿದ. ಈಗ ಹೊಸ ಸಲಹೆ ಬಂದಿದೆ. ಎರಡನೇ ಮನೆಯವರು ತಮ್ಮ ಟಾಕಿ ತುಂಬುವ ತನಕ ಒತ್ತುವುದೇ ಇಲ್ಲ, ಆದ್ದರಿಂದ ಎರಡನೇ ಮನೆಗೂ ಒಂದು ಬಟನ್ ಬೇಕು ಅಂತ. ಮೂರನೇ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಮುನೀಮರು ನನ್ನ ಮುಖ ನೋಡಿದರು. ನಮ್ಮ ಓಣಿಯಲ್ಲಿ ಎರಡನೇ ಮನೆ ನನ್ನದೇ.